ಮೆಕ್ಕೆಜೋಳದ ಬ್ರೆಡ್ಡು ಮತ್ತು ಒಂದು ಹಿಡಿ ಬೂದಿ



ನಿಮ್ಮಲ್ಲಿ ಕೆಲವರು ಅರವತ್ತು, ಎಪ್ಪತ್ತರ ದಶಕಗಳಲ್ಲಿ ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಓದಿದವರಿರಬಹುದು. ತಟ್ಟೆ ಹಿಡಿದು ಸಾಲಿನಲ್ಲಿ ನಿಂತರೆ ಬೀಳುತ್ತಿದ್ದ ಕೇರ್ ಸಂಸ್ಥೆಯ ಹಳದಿ ಉಪ್ಪಿಟ್ಟು ನೆನಪಿದೆಯೇ? ಅಮೆರಿಕದಿಂದ ಹಡಗಿನಲ್ಲಿ ಬಂದ ಮೆಕ್ಕೆಜೋಳ ಅದು. ಇಂದು ಅದೇ ಧಾನ್ಯ ಮುಂಬಯಿ, ಪುಣೆ, ದೆಹಲಿಯ ಬೇಕರಿಗಳಲ್ಲಿ ಕಾರ್ನ್ ಬ್ರೆಡ್, ಕಾರ್ನ್ ಮಫಿನ್ ಎಂಬ ಹೆಸರಿನಲ್ಲಿ ಗಾಜಿನ ಕಪಾಟಿನೊಳಗೆ ಕುಳಿತಿದೆ. ಮನೆಯಲ್ಲಿ ಓವನ್ ಇರುವ ಅನೇಕರು ಅದನ್ನು ಮಾಡಿ ನೋಡುತ್ತಿದ್ದಾರೆ. ಗೋಧಿ ಬ್ರೆಡ್ಡಿಗಿಂತ ಸುಲಭ. ನಾದುವ ಶ್ರಮವಿಲ್ಲ, ಹುದುಗಲು ಕಾಯಬೇಕಾಗಿಲ್ಲ, ಅರ್ಧ ಗಂಟೆಯಲ್ಲಿ ತಯಾರು.

ಇಷ್ಟು ಸುಲಭದ ಈ ಬ್ರೆಡ್ಡಿನ ಹಿಂದೆ ಇರುವ ಕಥೆ ಮಾತ್ರ ಅಷ್ಟು ಹಗುರವಾದುದಲ್ಲ. ಮೆಕ್ಕೆಜೋಳ ಲೋಕವನ್ನೆಲ್ಲ ಸುತ್ತಿತು. ಆದರೆ ಅದನ್ನು ಹೇಗೆ ತಿನ್ನಬೇಕು ಎಂಬ ತಿಳಿವಳಿಕೆ ಅದರ ಜೊತೆ ಹಡಗು ಹತ್ತಲಿಲ್ಲ. ಅದರಿಂದಾದ ಕೇಡನ್ನು ಇಟಲಿಯ ಕೂಲಿಗಳು, ಅಮೆರಿಕದ ಹತ್ತಿ ಹೊಲದ ಬಡವರು ಅನುಭವಿಸಿದರು. ಆ ಕಥೆಯ ಒಂದು ಕೊಂಡಿ ನಮ್ಮ ಹೈದರಾಬಾದಿಗೂ, ನಮ್ಮ ಜೋಳದ ರೊಟ್ಟಿಗೂ ಬಂದು ಸೇರುತ್ತದೆ. ಬನ್ನಿ, ಮೊದಲಿನಿಂದ ನೋಡೋಣ.

ಹೆಸರಿನಲ್ಲೇ ಬೂದಿ

ಮೆಕ್ಕೆಜೋಳದ ತವರು ಮೆಕ್ಸಿಕೋ. ಅಲ್ಲಿನ ನೈರುತ್ಯ ಭಾಗದ ಬಾಲ್ಸಾಸ್ ನದಿ ಕಣಿವೆಯಲ್ಲಿ ಸುಮಾರು 9000 ವರ್ಷಗಳ ಹಿಂದೆ ಟಿಯೊಸಿಂಟೆ ಎಂಬ ಕಾಡು ಹುಲ್ಲನ್ನು ಜನ ಪಳಗಿಸಿದರು. ಆ ಹುಲ್ಲಿನ ತೆನೆಯಲ್ಲಿ ಕಲ್ಲಿನಂತೆ ಗಟ್ಟಿಯಾದ ಹತ್ತು ಹನ್ನೆರಡು ಕಾಳುಗಳಿದ್ದರೆ ಹೆಚ್ಚು. ತಲೆಮಾರುಗಳ ಕಾಲ ಒಳ್ಳೆಯ ಕಾಳನ್ನೇ ಆರಿಸಿ ಬಿತ್ತಿ ಬಿತ್ತಿ, ಇಂದು ನಾವು ಕಾಣುವ ತುಂಬಿದ ತೆನೆಯನ್ನು ಅವರು ಮಾಡಿಕೊಂಡರು.

ಅವರು ಕಂಡುಕೊಂಡದ್ದು ಬೆಳೆಯನ್ನು ಮಾತ್ರವಲ್ಲ. ಒಣ ಕಾಳನ್ನು ಸುಣ್ಣದ ನೀರಿನಲ್ಲಿ ಅಥವಾ ಕಟ್ಟಿಗೆಯ ಬೂದಿ ಬೆರೆಸಿದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ಬೆಳಗ್ಗೆ ಸಿಪ್ಪೆ ತೊಳೆದು ಆಮೇಲೆ ಕಲ್ಲಿನ ಮೇಲೆ ಅರೆಯುತ್ತಿದ್ದರು. ಹೀಗೆ ಹದ ಮಾಡಿದ ಕಾಳಿಗೆ ನಾವಾಟಲ್ ಭಾಷೆಯಲ್ಲಿ ನಿಶ್ತಮಾಲ್ಲಿ ಎಂದು ಹೆಸರು. ಅದರ ಮೊದಲ ಪದ ನೆಶ್ತ್ಲಿ ಎಂದರೆ ಬೂದಿ. ಹೀಗೆ ಮಾಡಿದರೆ ಸಿಪ್ಪೆ ಬಿಡುತ್ತದೆ, ಹಿಟ್ಟು ಜಿಗುಟಾಗಿ ತಟ್ಟಲು ಬರುತ್ತದೆ, ಟೋರ್ಟಿಯಾ ಎಂಬ ಅವರ ರೊಟ್ಟಿಗೆ ಒಳ್ಳೆಯ ವಾಸನೆಯೂ ಬರುತ್ತದೆ. ಅವರ ಕಣ್ಣಿಗೆ ಕಂಡ ಲಾಭ ಇಷ್ಟು. ಕಣ್ಣಿಗೆ ಕಾಣದ ಇನ್ನೊಂದು ಲಾಭವೂ ಅದರಲ್ಲಿತ್ತು. ಮೆಕ್ಕೆಜೋಳದಲ್ಲಿ ನಯಾಸಿನ್ ಎಂಬ ಬಿ ಗುಂಪಿನ ವಿಟಮಿನ್ ಇದೆ. ಆದರೆ ಅದರ ಬಹುಪಾಲು ನಮ್ಮ ಹೊಟ್ಟೆಗೆ ಬಿಡಿಸಿಕೊಳ್ಳಲಾಗದಂತೆ ಕಾಳಿನೊಳಗೆ ಕಟ್ಟಿಹಾಕಿಕೊಂಡಿರುತ್ತದೆ. ಸುಣ್ಣ ಮತ್ತು ಬೂದಿಯ ಕ್ಷಾರ ಆ ಗಂಟನ್ನು ಬಿಚ್ಚುತ್ತದೆ.

ಇದರ ಜೊತೆಗೆ ಅವರ ಹೊಲದಲ್ಲಿ ಮೆಕ್ಕೆಜೋಳ ಒಂಟಿಯಾಗಿ ಬೆಳೆಯುತ್ತಿರಲಿಲ್ಲ. ಅದರ ದಂಟಿಗೆ ಹುರುಳಿಕಾಯಿ ಜಾತಿಯ ಬಳ್ಳಿ ಹಬ್ಬಿರುತ್ತಿತ್ತು, ಬುಡದಲ್ಲಿ ಕುಂಬಳ ಹರಡಿರುತ್ತಿತ್ತು. ತಟ್ಟೆಗೂ ಅವು ಒಟ್ಟಿಗೇ ಬರುತ್ತಿದ್ದವು. ನಮ್ಮ ರಾಗಿಯ ಸಾಲಿನಲ್ಲಿ ಅವರೆ, ತೊಗರಿ ಅಕ್ಕಡಿ ಹಾಕುವ ಹಾಗೆಯೇ ಅಂದುಕೊಳ್ಳಿ.

ಹಡಗು ಹತ್ತಿದ ಕಾಳು

1492ರಲ್ಲಿ ಕೊಲಂಬಸ್ ಕೆರಿಬಿಯನ್ ದ್ವೀಪಗಳಿಗೆ ಬಂದಾಗ ಅಲ್ಲಿನ ಟೈನೊ ಜನ ಈ ಧಾನ್ಯವನ್ನು ಮಹೀಸ್ ಎಂದು ಕರೆಯುತ್ತಿದ್ದರು. ಮೈಜ್ ಎಂಬ ಹೆಸರು ಬಂದದ್ದು ಅಲ್ಲಿಂದ. ಮರುವರ್ಷವೇ ಕಾಳು ಸ್ಪೇನಿಗೆ ಹೋಯಿತು. ನೂರೇ ವರ್ಷದೊಳಗೆ ಯುರೋಪ್, ಆಫ್ರಿಕ, ಏಷ್ಯಾಗಳಲ್ಲಿ ಹಬ್ಬಿತು. ಭಾರತಕ್ಕೆ ಪೋರ್ಚುಗೀಸರ ಮೂಲಕ ಬಂತೆಂಬುದು ಹೆಚ್ಚಿನವರ ಅಭಿಪ್ರಾಯ.

ಇಲ್ಲಿ ನಮ್ಮ ಸೋಮನಾಥಪುರದ ಹೆಸರು ಬರುತ್ತದೆ ಎಂದರೆ ನಿಮಗೆ ಅಚ್ಚರಿಯಾಗಬಹುದು. 13ನೆಯ ಶತಮಾನದ ಹೊಯ್ಸಳರ ಕೇಶವ ದೇವಾಲಯದಲ್ಲಿ ಕೆಲವು ಶಿಲ್ಪಗಳ ಕೈಯಲ್ಲಿ ಉದ್ದನೆಯ, ಕಾಳು ಕಾಳಾದ ಒಂದು ವಸ್ತು ಇದೆ. ಅದು ಮೆಕ್ಕೆಜೋಳದ ತೆನೆಯೇ, ಕೊಲಂಬಸ್‌ಗೆ ಮೊದಲೇ ಅದು ಭಾರತದಲ್ಲಿತ್ತು ಎಂದು ಅಮೆರಿಕದ ಭೂಗೋಳ ವಿದ್ವಾಂಸ ಕಾರ್ಲ್ ಯೋಹಾನೆಸೆನ್ 1989ರಲ್ಲಿ ವಾದಿಸಿದರು. 1993ರಲ್ಲಿ ಭಾರತೀಯ ಮೆಕ್ಕೆಜೋಳ ತಜ್ಞರಾದ ಪಾಯಕ್ ಮತ್ತು ಸಚನ್ ಇದನ್ನು ಒಪ್ಪಲಿಲ್ಲ. ಅದು ಮುತ್ತುಗಳನ್ನು ಜೋಡಿಸಿದ ಮುಕ್ತಾಫಲ ಎಂಬ ಕಾಲ್ಪನಿಕ ಹಣ್ಣು ಎಂದರು. ಹೆಚ್ಚಿನ ವಿದ್ವಾಂಸರು ಮೊದಲ ವಾದವನ್ನು ಒಪ್ಪಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಸೋಮನಾಥಪುರಕ್ಕೆ ಹೋಗಿ, ನಿಮ್ಮ ಕಣ್ಣಿಗೆ ಏನು ಕಾಣುತ್ತದೋ ನೋಡಿ ಬನ್ನಿ.

ಬ್ರೆಡ್ಡಿನ ಕಥೆಗೆ ಮರಳೋಣ. 1607ರಲ್ಲಿ ಇಂಗ್ಲಿಷರು ವರ್ಜೀನಿಯಾದ ಜೇಮ್ಸ್‌ಟೌನಿನಲ್ಲಿ, 1620ರಲ್ಲಿ ಮ್ಯಾಸಚೂಸೆಟ್ಸ್‌ನ ಪ್ಲಿಮತ್‌ನಲ್ಲಿ ನೆಲೆಯೂರಿದರು. ತಂದ ಆಹಾರ ಮುಗಿಯಿತು, ಹಸಿವಿನಿಂದ ಅನೇಕರು ಸತ್ತರು. ಉಳಿದವರನ್ನು ಬದುಕಿಸಿದ್ದು ಸ್ಥಳೀಯರ ಮೆಕ್ಕೆಜೋಳ. 1621ರ ವಸಂತದಲ್ಲಿ ಟಿಸ್ಕ್ವಾಂಟಮ್ ಎಂಬ ಸ್ಥಳೀಯ ಪ್ಲಿಮತ್‌ನವರಿಗೆ ಅದನ್ನು ಬಿತ್ತುವ ಕ್ರಮವನ್ನು ಹೇಳಿಕೊಟ್ಟ. ವರ್ಜೀನಿಯಾದ ಪೌಹಾಟನ್ ಜನರ ರೊಟ್ಟಿಯ ಹೆಸರೇ ಮುಂದೆ ಇಂಗ್ಲಿಷರ ಬಾಯಲ್ಲಿ ಪೋನ್ ಆಯಿತು. ಇಂದಿಗೂ ಅಮೆರಿಕದ ದಕ್ಷಿಣದಲ್ಲಿ ಕಾರ್ನ್ ಪೋನ್ ಎನ್ನುತ್ತಾರೆ.

ಬಂದವರಿಗೆ ಬೇಕಾಗಿದ್ದದ್ದು ಗೋಧಿಯ ಉಬ್ಬಿದ ಬ್ರೆಡ್ಡು. ಮೆಕ್ಕೆಜೋಳ ಹಾಗೆ ಉಬ್ಬುವುದಿಲ್ಲ. ಕಾರಣವನ್ನು ಜೋಳದ ರೊಟ್ಟಿ ಬಡಿಯುವ ನಿಮ್ಮ ಮನೆಯ ಹಿರಿಯರು ಚೆನ್ನಾಗಿ ಬಲ್ಲರು. ಗೋಧಿ ಹಿಟ್ಟನ್ನು ನಾದಿದರೆ ಗ್ಲುಟೆನ್ ಎಂಬ ಜಿಗುಟು ಹುಟ್ಟಿ, ಗಾಳಿಯನ್ನು ಬಲೂನಿನಂತೆ ಹಿಡಿದಿಡುತ್ತದೆ. ಜೋಳಕ್ಕಾಗಲಿ ಮೆಕ್ಕೆಜೋಳಕ್ಕಾಗಲಿ ಆ ಜಿಗುಟು ಇಲ್ಲ. ಅದಕ್ಕೇ ಕುದಿಯುವ ನೀರು ಹಾಕಿ ಮಿದ್ದು, ಕೈಯಿಂದ ತಟ್ಟಬೇಕು. ವಲಸೆ ಬಂದ ಹೆಂಗಸರೂ ಅದನ್ನೇ ಮಾಡಿದರು. ಬಿಸಿನೀರು, ಉಪ್ಪು, ಹಿಟ್ಟು ಕಲಸಿ ಹಲಗೆಯ ಮೇಲೋ ಕಾವಲಿಯ ಮೇಲೋ ಬೆಂಕಿಯ ಎದುರು ಬೇಯಿಸಿದರು. ಜಾನಿ ಕೇಕ್, ಹೋ ಕೇಕ್ ಎಂಬ ಹೆಸರುಗಳು ಬಂದದ್ದು ಈ ರೊಟ್ಟಿಗಳಿಗೆ. ಲಂಡನ್ನಿನ ಪತ್ರಿಕೆಯೊಂದರಲ್ಲಿ ಯಾರೋ ಈ ಧಾನ್ಯವನ್ನು ಹಳಿದಾಗ, 1766ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಗುಪ್ತನಾಮದಲ್ಲಿ ಪತ್ರ ಬರೆದು, ಬಿಸಿ ಹೋ ಕೇಕ್ ನಿಮ್ಮ ಯಾರ್ಕ್‌ಶೈರ್ ಮಫಿನ್ನಿಗಿಂತ ಉತ್ತಮ ಎಂದು ಸಮರ್ಥಿಸಿಕೊಂಡ.

ಬೂದಿಯಿಂದ ಬೇಕಿಂಗ್ ಪೌಡರಿಗೆ

ಇದು ಮಫಿನ್ ಆದದ್ದು ಹೇಗೆ? ಅಲ್ಲಿಯೂ ಬೂದಿಯೇ ಬರುತ್ತದೆ. ಕಟ್ಟಿಗೆಯ ಬೂದಿಯನ್ನು ನೀರಿನಲ್ಲಿ ಸೋಸಿ, ಆ ನೀರನ್ನು ಕಾಯಿಸಿ ಇಂಗಿಸಿದರೆ ಪೊಟ್ಯಾಶ್ ಸಿಗುತ್ತದೆ. ಅದನ್ನು ಇನ್ನೂ ಶುದ್ಧ ಮಾಡಿದರೆ ಪರ್ಲ್‌ಆ್ಯಶ್, ಅಂದರೆ ಮುತ್ತಿನಂತೆ ಬಿಳಿಯಾದ ಬೂದಿ. ಅಮೆರಿಕದ ಸರಕಾರ ಕೊಟ್ಟ ಮೊಟ್ಟಮೊದಲ ಪೇಟೆಂಟ್ ಯಾವುದಕ್ಕೆ ಗೊತ್ತೇ? 1790ರ ಜುಲೈ 31ರಂದು ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಎಂಬಾತನಿಗೆ, ಈ ಬೂದಿಯ ಉಪ್ಪನ್ನು ತಯಾರಿಸುವ ಹೊಸ ವಿಧಾನಕ್ಕೆ. ಅದಕ್ಕೆ ಸಹಿ ಹಾಕಿದವರು ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್.

1796ರಲ್ಲಿ ಅಮೀಲಿಯಾ ಸಿಮನ್ಸ್ ಎಂಬ ಮಹಿಳೆ 'ಅಮೆರಿಕನ್ ಕುಕರಿ' ಎಂಬ ಪುಸ್ತಕ ಪ್ರಕಟಿಸಿದಳು. ಅಮೆರಿಕದವರೇ ಬರೆದು ಅಲ್ಲೇ ಅಚ್ಚಾದ ಮೊದಲ ಅಡುಗೆ ಪುಸ್ತಕ ಅದು. ಅದರಲ್ಲಿ ಮೆಕ್ಕೆಜೋಳದ ಜಾನಿ ಕೇಕ್ ಇದೆ, ಕೆಲವು ತಿನಿಸುಗಳನ್ನು ಉಬ್ಬಿಸಲು ಪರ್ಲ್‌ಆ್ಯಶ್ ಬಳಕೆಯೂ ಇದೆ. ಕ್ಷಾರಕ್ಕೆ ಹುಳಿ ಸೇರಿದರೆ ಇಂಗಾಲದ ಡೈಆಕ್ಸೈಡ್ ಅನಿಲ ನೊರೆಯಾಗಿ ಏಳುತ್ತದೆ. ಹಿಟ್ಟಿಗೆ ಜಿಗುಟು ಇಲ್ಲದಿದ್ದರೂ ಆ ಗುಳ್ಳೆಗಳು ಒಡೆದುಹೋಗುವ ಮುನ್ನವೇ ಬಿಸಿ ಓವನ್ನಿನಲ್ಲಿ ಹಿಟ್ಟು ಗಟ್ಟಿಯಾದರೆ ಬ್ರೆಡ್ಡು ಹಗುರಾಗುತ್ತದೆ. ಮುಂದೆ ಪರ್ಲ್‌ಆ್ಯಶ್ ಜಾಗಕ್ಕೆ ಅಡುಗೆ ಸೋಡ ಬಂತು, ಹುಳಿಗೆ ಮಜ್ಜಿಗೆ ಒದಗಿತು. 1856ರಲ್ಲಿ ಎಬೆನ್ ಹಾರ್ಸ್‌ಫರ್ಡ್ ಎಂಬ ರಸಾಯನ ವಿಜ್ಞಾನಿ ಒಣ ಹುಳಿಪುಡಿಗೆ ಪೇಟೆಂಟ್ ಪಡೆದ ಮೇಲೆ ಸೋಡ ಮತ್ತು ಹುಳಿಯನ್ನು ಒಂದೇ ಡಬ್ಬಿಯಲ್ಲಿ ಮಾರುವುದು ಸಾಧ್ಯವಾಯಿತು. ಅದೇ ನಮ್ಮ ಬೇಕಿಂಗ್ ಪೌಡರ್. ಮೊಟ್ಟೆ, ಹಾಲು, ಸಕ್ಕರೆ, ಒಂದಿಷ್ಟು ಮೈದಾ ಸೇರಿ ಬಡವರ ಬಿರುಸು ರೊಟ್ಟಿ ಮೃದುವಾದ ಮಫಿನ್ ಆಯಿತು. 1986ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಕಾರ್ನ್ ಮಫಿನ್ನನ್ನು ತನ್ನ ಅಧಿಕೃತ ಮಫಿನ್ ಎಂದು ಘೋಷಿಸಿತು!

ಆದರೆ ಎಲ್ಲರ ಪಾಲಿಗೂ ಮಫಿನ್ ಬರಲಿಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ ಸ್ವತಂತ್ರನಾಗಿ ಹುಟ್ಟಿದ ಕಪ್ಪು ಜನಾಂಗದ ಸಾಲೊಮನ್ ನಾರ್ತಪ್‌ನನ್ನು 1841ರಲ್ಲಿ ಅಪಹರಿಸಿ ಲೂಸಿಯಾನಾದಲ್ಲಿ ಗುಲಾಮನನ್ನಾಗಿ ಮಾರಿದರು. ಹನ್ನೆರಡು ವರ್ಷದ ನಂತರ ಬಿಡುಗಡೆಯಾಗಿ 1853ರಲ್ಲಿ ಆತ ಬರೆದ ಆತ್ಮಕಥೆಯಲ್ಲಿ ಗುಲಾಮರ ವಾರದ ಪಡಿಯ ಲೆಕ್ಕವಿದೆ: ಸುಮಾರು ಒಂದೂವರೆ ಕಿಲೋ ಹಂದಿಮಾಂಸ ಮತ್ತು ಒಂದು ಪೆಕ್, ಅಂದರೆ ಸುಮಾರು 9 ಲೀಟರ್ ಅಳತೆಯ ಹಿಟ್ಟಾಗುವಷ್ಟು ಮೆಕ್ಕೆಜೋಳ. ಅಷ್ಟೇ. ದಿನವಿಡೀ ಹತ್ತಿ ಬಿಡಿಸಿ ಬಂದು ರಾತ್ರಿ ತಾವೇ ಬೀಸಿಕೊಂಡು, ನೀರಿನಲ್ಲಿ ಕಲಸಿ, ಬಿಸಿ ಬೂದಿಯೊಳಗೆ ಹೂತು ಸುಟ್ಟು, ಬೂದಿ ಕೆರೆದು ತಿನ್ನಬೇಕಿತ್ತು. ಅಮೆರಿಕದ ದಕ್ಷಿಣದವರು ಇಂದು ಹೆಮ್ಮೆಪಡುವ ಕಾರ್ನ್ ಬ್ರೆಡ್ಡಿನ ರುಚಿಯನ್ನು ರೂಪಿಸಿದ್ದರಲ್ಲಿ ಆ ಕೈಗಳ ಪಾಲು ದೊಡ್ಡದು.

ಹೊಸ ರೋಗ, ಹಳೆಯ ಹಸಿವು

ಯುರೋಪಿಗೆ ಮರಳಿ ನೋಡಿ. ಅಲ್ಲಿಗೆ ಕಾಳು ಹೋಯಿತು, ಸುಣ್ಣದ ನೀರು ಹೋಗಲಿಲ್ಲ. ಗಿರಣಿ ಇದ್ದವರಿಗೆ ಸಿಪ್ಪೆ ಬಿಡಿಸಲು ಬೂದಿ ಏಕೆ ಬೇಕು? ಕಡಿಮೆ ಖರ್ಚಿನ ಹೆಚ್ಚು ಇಳುವರಿಯ ಬೆಳೆ ಬಡವರ ಏಕೈಕ ಊಟವಾಯಿತು. 1735ರಲ್ಲಿ ಸ್ಪೇನಿನ ಅಸ್ತೂರಿಯಾಸ್ ಪ್ರಾಂತ್ಯದ ವೈದ್ಯ ಗಾಸ್ಪಾರ್ ಕಸಾಲ್ ಒಂದು ವಿಚಿತ್ರ ರೋಗವನ್ನು ಗುರುತಿಸಿದ. ಬಿಸಿಲು ಬಿದ್ದ ಕಡೆ ಚರ್ಮ ಕೆಂಪಾಗಿ, ಒರಟಾಗಿ ಸುಲಿಯುವುದು, ಕತ್ತಿನ ಸುತ್ತ ಹಾರದಂತೆ ಕಲೆ, ಭೇದಿ, ಕೊನೆಗೆ ಬುದ್ಧಿಭ್ರಮಣೆ, ಸಾವು. 1771ರಲ್ಲಿ ಇಟಲಿಯ ಫ್ರಾಪೊಲಿ ಎಂಬ ವೈದ್ಯ ಅದನ್ನು ಪೆಲಾಗ್ರ ಎಂಬ ಹೆಸರಿನಲ್ಲಿ ವರ್ಣಿಸಿದ. ಒರಟು ಚರ್ಮ ಎಂದು ಅರ್ಥ. ಮೆಕ್ಕೆಜೋಳದ ಅಂಬಲಿಯಾದ ಪೊಲೆಂಟವನ್ನೇ ಮೂರು ಹೊತ್ತೂ ತಿನ್ನುತ್ತಿದ್ದ ಉತ್ತರ ಇಟಲಿಯ ರೈತಕೂಲಿಗಳಲ್ಲಿ ಅದು ಮನೆಮಾತಾಗಿತ್ತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದೇ ರೋಗ ಅಮೆರಿಕದ ದಕ್ಷಿಣದಲ್ಲಿ ಕಾಣಿಸಿಕೊಂಡಿತು. ಗುಲಾಮಗಿರಿ 1865ರಲ್ಲಿ ಕೊನೆಗೊಂಡಿದ್ದರೂ ಬಡ ಗೇಣಿದಾರರ ಮನೆಯ ಬಾಗಿಲವರೆಗೂ ಹತ್ತಿಯನ್ನೇ ಬೆಳೆಯಬೇಕಿತ್ತು. ಸೊಪ್ಪಿನ ಮಡಿಗೆ, ಹಸುವಿಗೆ ಜಾಗವಿರಲಿಲ್ಲ. ಊಟವೆಂದರೆ ಮೆಕ್ಕೆಜೋಳದ ಬ್ರೆಡ್ಡು, ಹಂದಿಯ ಕೊಬ್ಬು, ಕಾಕಂಬಿ. ಸಾಲದ್ದಕ್ಕೆ ಹೊಸ ಯಂತ್ರಗಿರಣಿಗಳು ಹಿಟ್ಟು ಕೆಡದೆ ಉಳಿಯಲೆಂದು ಕಾಳಿನ ಮೊಳಕೆ ಭಾಗವನ್ನೇ ತೆಗೆದುಹಾಕುತ್ತಿದ್ದವು. ಇದ್ದ ಸ್ವಲ್ಪ ಸತ್ವವೂ ಹೋಯಿತು.

ಇದು ಸೋಂಕಿನಿಂದ ಬರುತ್ತದೆಂದು ಬಹಳ ವೈದ್ಯರು ನಂಬಿದ್ದರು. 1914ರಲ್ಲಿ ಸರಕಾರ ಕಳಿಸಿದ ಡಾ. ಜೋಸೆಫ್ ಗೋಲ್ಡ್‌ಬರ್ಗರ್ ಆಸ್ಪತ್ರೆಗಳನ್ನು, ಅನಾಥಾಲಯಗಳನ್ನು ಸುತ್ತಿ ಒಂದು ಸರಳ ಸಂಗತಿ ಗಮನಿಸಿದರು. ಅಲ್ಲಿದ್ದವರಿಗೆ ರೋಗ ಬರುತ್ತಿತ್ತು, ಅವರನ್ನು ನೋಡಿಕೊಳ್ಳುವ ಸಿಬ್ಬಂದಿಗೆ ಬರುತ್ತಿರಲಿಲ್ಲ. ಸೋಂಕಾದರೆ ಹೀಗೇಕೆ? ವ್ಯತ್ಯಾಸವಿದ್ದದ್ದು ತಟ್ಟೆಯಲ್ಲಿ. ಮಿಸಿಸಿಪ್ಪಿಯ ಎರಡು ಅನಾಥಾಲಯಗಳಲ್ಲಿ ಹಾಲು, ಮೊಟ್ಟೆ, ಮಾಂಸ, ಕಾಳುಗಳನ್ನು ಊಟಕ್ಕೆ ಸೇರಿಸಿದರು, ರೋಗ ಮಾಯವಾಯಿತು. 1915ರಲ್ಲಿ ಅದೇ ರಾಜ್ಯದ ಸೆರೆಮನೆ ತೋಟವೊಂದರಲ್ಲಿ, ಕ್ಷಮಾದಾನದ ಭರವಸೆ ಪಡೆದ 11 ಕೈದಿಗಳಿಗೆ ಮೆಕ್ಕೆಜೋಳ, ಮೈದಾ, ಅಕ್ಕಿ, ಸಕ್ಕರೆ ಮುಂತಾದ ಸಪ್ಪೆ ಊಟವನ್ನೇ ಕೊಟ್ಟರು. ಆರು ತಿಂಗಳೊಳಗೆ 6 ಜನರಲ್ಲಿ ರೋಗ ಕಾಣಿಸಿತು. ಕೈದಿಗಳ ಮೇಲೆ ಹೀಗೆ ಪ್ರಯೋಗ ಮಾಡುವುದನ್ನು ಇಂದು ಯಾರೂ ಒಪ್ಪುವುದಿಲ್ಲ.

ವಿರೋಧಿಗಳು ಆಗಲೂ ನಂಬಲಿಲ್ಲ. 1916ರಲ್ಲಿ ಗೋಲ್ಡ್‌ಬರ್ಗರ್, ಅವರ ಪತ್ನಿ ಮೇರಿ ಮತ್ತು ಸಹೋದ್ಯೋಗಿಗಳು ರೋಗಿಗಳ ರಕ್ತವನ್ನು ಚುಚ್ಚಿಸಿಕೊಂಡರು. ಗಂಡಸರು ರೋಗಿಗಳ ಮಲಮೂತ್ರ, ಚರ್ಮದ ಹೊಟ್ಟುಗಳನ್ನು ಗುಳಿಗೆ ಮಾಡಿ ನುಂಗಿದರು. ಯಾರಿಗೂ ಪೆಲಾಗ್ರ ಬರಲಿಲ್ಲ. ಅರ್ಥಶಾಸ್ತ್ರಜ್ಞ ಎಡ್ಗರ್ ಸೈಡನ್‌ಸ್ಟ್ರಿಕರ್ ಜೊತೆ ಸೇರಿ ದಕ್ಷಿಣ ಕೆರೊಲಿನಾದ ಜವಳಿ ಗಿರಣಿ ಹಳ್ಳಿಗಳಲ್ಲಿ ಮನೆಮನೆಯ ಲೆಕ್ಕ ಬರೆದರು. ಆದಾಯ ಕಡಿಮೆಯಾದಂತೆ ರೋಗ ಹೆಚ್ಚು ಎಂಬುದು ಅಂಕಿಅಂಶಗಳಲ್ಲೇ ಕಂಡಿತು. ತಮ್ಮ ನಾಡನ್ನು ಹಸಿದವರ ನಾಡೆಂದು ಕರೆದರೆಂದು ದಕ್ಷಿಣದ ರಾಜಕಾರಣಿಗಳು ಸಿಟ್ಟಾದರು. 1929ರಲ್ಲಿ ಗೋಲ್ಡ್‌ಬರ್ಗರ್ ತೀರಿಕೊಂಡಾಗ ಕೊರತೆಯಾದ ಆ ವಸ್ತು ಯಾವುದೆಂದು ಗೊತ್ತಿರಲಿಲ್ಲ. ಅದು ನಯಾಸಿನ್ ಎಂದು 1937ರಲ್ಲಿ ವಿಸ್ಕಾನ್ಸಿನ್‌ನ ಕಾನ್ರಾಡ್ ಎಲ್ವೆಜೆಮ್ ತೋರಿಸಿದರು. ನಂತರ ಹಿಟ್ಟಿಗೆ ಅದನ್ನು ಬೆರೆಸುವ ಪದ್ಧತಿ ಬಂತು. ಅಷ್ಟರಲ್ಲಿ ಆ ದೇಶದಲ್ಲಿ ಸುಮಾರು 30 ಲಕ್ಷ ಜನರಿಗೆ ರೋಗ ತಗುಲಿ, ಸುಮಾರು 1 ಲಕ್ಷ ಜನ ಸತ್ತಿದ್ದರೆಂಬುದು ಅಂದಾಜು.

ಹೈದರಾಬಾದಿನ ಕೊಂಡಿ

ಇದೆಲ್ಲ ದೂರದ ಕಥೆ ಅಂದುಕೊಳ್ಳಬೇಡಿ. ಕೂನೂರಿನಲ್ಲಿದ್ದ ಪೌಷ್ಟಿಕತೆ ಸಂಶೋಧನಾಲಯ ಐವತ್ತರ ದಶಕದ ಕೊನೆಯಲ್ಲಿ ಹೈದರಾಬಾದಿಗೆ ಬಂತು. 1969ರಿಂದ ಅದರ ಹೆಸರು ರಾಷ್ಟ್ರೀಯ ಪೋಷಣಾ ಸಂಸ್ಥೆ. ಅಲ್ಲಿನ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು ಸುತ್ತಲಿನ ದಖ್ಖನ್ ಸೀಮೆಯ ಬಡ ಕೂಲಿಕಾರರಲ್ಲಿ ಪೆಲಾಗ್ರವನ್ನು ಕಂಡರು. ಅವರು ಮೆಕ್ಕೆಜೋಳ ತಿನ್ನುವವರಲ್ಲ. ಅವರ ಊಟ ಜೋಳ, ನಮ್ಮ ಕಲಬುರಗಿ, ವಿಜಯಪುರ, ರಾಯಚೂರಿನ ಅದೇ ಬಿಳಿಜೋಳ!

ಜೋಳದಲ್ಲಿ ಟ್ರಿಪ್ಟೊಫ್ಯಾನ್ ಎಂಬ ಪ್ರೋಟೀನ್ ಅಂಶ ಮೆಕ್ಕೆಜೋಳದಷ್ಟು ಕಡಿಮೆ ಇಲ್ಲ. ನಮ್ಮ ದೇಹ ಅದರಿಂದ ನಯಾಸಿನ್ ತಯಾರಿಸಿಕೊಳ್ಳಬಲ್ಲದು. ಹಾಗಿದ್ದರೂ ರೋಗವೇಕೆ? 1960ರಲ್ಲಿ ಗೋಪಾಲನ್ ಮತ್ತು ಶ್ರೀಕಂಟಿಯಾ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ವಿವರಣೆ ಮುಂದಿಟ್ಟರು. ಜೋಳದಲ್ಲಿ ಲ್ಯೂಸಿನ್ ಎಂಬ ಇನ್ನೊಂದು ಅಂಶ ಹೆಚ್ಚು, ಅದು ಈ ತಯಾರಿಕೆಗೆ ಅಡ್ಡಿಯಾಗುತ್ತದೆ ಎಂದು. ಈ ವಾದದ ಬಗ್ಗೆ ವಿಜ್ಞಾನಿಗಳಲ್ಲಿ ಮುಂದೆ ಬಹಳ ಚರ್ಚೆ ನಡೆಯಿತು. ಆದರೆ ಒಂದು ಮಾತಿನಲ್ಲಿ ಯಾರಿಗೂ ಸಂದೇಹವಿಲ್ಲ: ರೋಗ ಬಂದದ್ದು ರೊಟ್ಟಿಯ ಜೊತೆಗೆ ಬೇರೇನೂ ಸಿಗದವರಿಗೆ. ಝುಣಕ, ಶೇಂಗಾ ಹಿಂಡಿ, ಕಾಳುಪಲ್ಯ, ಮೊಸರು ಇದ್ದ ಮನೆಗೆ ಅದು ಕಾಲಿಡಲಿಲ್ಲ. ಶೇಂಗಾದಲ್ಲಿ ನಯಾಸಿನ್ ಧಾರಾಳ. ಹಾಲು ಮೊಸರಿನಲ್ಲಿ ಟ್ರಿಪ್ಟೊಫ್ಯಾನ್ ಇದೆ. ಧಾನ್ಯದ ಮೇಲೆ ತಪ್ಪು ಹೊರಿಸುವುದು ಸುಲಭ. ಗೋಲ್ಡ್‌ಬರ್ಗರ್ ಕಂಡದ್ದೂ, ಹೈದರಾಬಾದಿನಲ್ಲಿ ಕಂಡದ್ದೂ ಬಡತನವನ್ನೇ.

ಇನ್ನು ನಿಮ್ಮ ಅಡುಗೆಮನೆಗೆ

ಮಾಡಿ ನೋಡುವವರಿಗೆ ಮೊದಲು ಒಂದು ಎಚ್ಚರಿಕೆ. ಅಂಗಡಿಯಲ್ಲಿ ಕಾರ್ನ್ ಫ್ಲೋರ್ ಎಂದು ಸಿಗುವ ಬಿಳಿ ನುಣುಪು ಪುಡಿ ಇದಕ್ಕಲ್ಲ. ಅದು ಬರೀ ಪಿಷ್ಟ. ಮಕ್ಕಿ ಆಟಾ ಎಂದು ಕೇಳಿ, ಹಳದಿ ಹಿಟ್ಟು ಕೊಡುತ್ತಾರೆ. ಸ್ವಲ್ಪ ತರಿಯಾಗಿದ್ದರೆ ಇನ್ನೂ ಒಳ್ಳೆಯದು.

ಒಂದು ಕಪ್ ಮಕ್ಕಿ ಹಿಟ್ಟನ್ನು ಒಂದೂಕಾಲು ಕಪ್ ಗಟ್ಟಿ ಹುಳಿಮಜ್ಜಿಗೆಯಲ್ಲಿ 15 ನಿಮಿಷ ನೆನೆಹಾಕಿ. ಒಂದು ಮೊಟ್ಟೆ, ಕರಗಿಸಿದ 50 ಗ್ರಾಂ ಬೆಣ್ಣೆ ಸೇರಿಸಿ. ಮೊಟ್ಟೆ ತಿನ್ನದವರು ಇನ್ನೊಂದು ಕಾಲು ಕಪ್ ಮೊಸರು ಹಾಕಿದರಾಯಿತು. ಬೇರೆ ಪಾತ್ರೆಯಲ್ಲಿ ಒಂದು ಕಪ್ ಮೈದಾ ಅಥವಾ ಗೋಧಿ ಹಿಟ್ಟು, ಒಂದು ಚಮಚ ಬೇಕಿಂಗ್ ಪೌಡರ್, ತಲಾ ಅರ್ಧ ಚಮಚ ಸೋಡ ಮತ್ತು ಉಪ್ಪು, ಎರಡು ದೊಡ್ಡ ಚಮಚ ಸಕ್ಕರೆ ಬೆರೆಸಿಕೊಳ್ಳಿ. ಸಕ್ಕರೆ ಹಾಕಬೇಕೇ ಬೇಡವೇ ಎಂದು ಅಮೆರಿಕದ ಉತ್ತರ ದಕ್ಷಿಣದವರು ಇಂದಿಗೂ ಜಗಳವಾಡುತ್ತಾರೆ, ನಿಮ್ಮಿಷ್ಟ. ಎರಡನ್ನೂ ಸೇರಿಸಿ ನಾಲ್ಕಾರು ಸಲ ತಿರುವಿ ಬಿಡಿ. ಹೆಚ್ಚು ತಿರುವಿದರೆ ಗುಳ್ಳೆ ಒಡೆಯುತ್ತದೆ, ಮೈದಾದ ಜಿಗುಟು ಎಚ್ಚರಗೊಂಡು ಬ್ರೆಡ್ಡು ಬಿರುಸಾಗುತ್ತದೆ. ದಪ್ಪ ಕಬ್ಬಿಣದ ಬಾಣಲೆಗೆ ಬೆಣ್ಣೆ ಸವರಿ ಮೊದಲೇ ಓವನ್ನಿನಲ್ಲಿ ಕಾಯಿಸಿ, ಹಿಟ್ಟು ಸುರಿದು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 20ರಿಂದ 25 ನಿಮಿಷ ಬೇಯಿಸಿ. ಮಫಿನ್ ಅಚ್ಚಿಗೆ ಹಾಕಿದರೆ 15ರಿಂದ 18 ನಿಮಿಷ ಸಾಕು. ಓವನ್ ಇಲ್ಲವೇ? ಚಿಂತೆ ಬೇಡ. ಇದೇ ಹಿಟ್ಟನ್ನು ಕಾವಲಿಯ ಮೇಲೆ ಚಿಕ್ಕ ದೋಸೆಯಂತೆ ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಎರಡೂ ಕಡೆ ಬೇಯಿಸಿ. ಫ್ರಾಂಕ್ಲಿನ್ ಹೊಗಳಿದ ರೊಟ್ಟಿಯ ವಂಶದ್ದೇ ಇದು.

ನಮ್ಮ ನಿಮ್ಮಂತೆ ನಾಲ್ಕು ಬಗೆ ಉಣ್ಣುವವರಿಗೆ ಕಾರ್ನ್ ಬ್ರೆಡ್ಡಿನಿಂದ ಯಾವ ಭಯವೂ ಇಲ್ಲ. ಆದರೂ ಅದನ್ನು ಒಂಟಿಯಾಗಿ ಬಡಿಸಬೇಡಿ. ಒಂದು ಬಟ್ಟಲು ಅಲಸಂದೆ ಸಾರು ಮಾಡಿ, ಪಕ್ಕದಲ್ಲಿ ಶೇಂಗಾ ಹಿಂಡಿ, ಗಟ್ಟಿ ಮೊಸರು ಇಡಿ. ಮಕ್ಕಳು ಕೇಳಿದರೆ ಬಾಲ್ಸಾಸ್ ಕಣಿವೆಯ ಬೂದಿನೀರಿನ ಕಥೆಯನ್ನೂ, ರೋಗಿಗಳ ರಕ್ತ ಚುಚ್ಚಿಸಿಕೊಂಡ ಮೇರಿ ಗೋಲ್ಡ್‌ಬರ್ಗರ್ ಕಥೆಯನ್ನೂ ಹೇಳಿ. ಬ್ರೆಡ್ಡು ಹೇಗೆ ಬಂತೆಂದು ನಮಗೆ ಬರೆದು ತಿಳಿಸಿ.